ಉಣಕಲ್ ನಾಲಾ

ಹುಬ್ಬಳ್ಳಿಯ ಉಣಕಲ್ ಕೆರೆಯ ಕೋಡಿಯಿಂದ ಹೊರಟು ಊರಿನ ನಡುವೆ ಸಾಗುವ ಹಳ್ಳ. ಈಗ ಬಹುಪಾಲು ಗಟಾರ. ಇದರ ಕೊಳಚೆ ಬೆಣ್ಣಿಹಳ್ಳ ಸೇರಿ, ನವಲಗುಂದ ತಾಲೂಕಿನ ಎರೆಹೊಲಗಳ ಮೂಲಕ ಮಲಪ್ರಭೆಯತ್ತ ಹರಿಯುತ್ತದೆ. ಈ ತಾಲೂಕಿನ ಯಮನೂರಿನಲ್ಲಿ ಜಾತ್ರೆಗೆ ಬಂದವರು ಚರ್ಮರೋಗ ವಾಸಿಯಾದೀತೆಂದು ಮುಳುಗೇಳುವುದು ಇದೇ ಬೆಣ್ಣಿಹಳ್ಳದಲ್ಲಿ!

ನಾಲಾ ಪುನಶ್ಚೇತನ ಹಾಗೂ ದಂಡೆಗುಂಟ ಸೈಕಲ್ ಹಾದಿಯ ಹಸಿರು ಕಾರಿಡಾರ್ ಯೋಜನೆ, ಸ್ಮಾರ್ಟ್ ಸಿಟಿಗಳಿಗಾಗಿ ಕೇಂದ್ರ ಸರ್ಕಾರ 2018ರಲ್ಲಿ ಆರಂಭಿಸಿದ 'ಸಿಟೀಸ್' ಸ್ಪರ್ಧೆಯಲ್ಲಿ ಆಯ್ಕೆಯಾದ 12ರಲ್ಲೊಂದು. ಫ್ರಾನ್ಸ್‌ನ ಅಭಿವೃದ್ಧಿ ಸಂಸ್ಥೆ ಎಎಫ್‌ಡಿ ಹಣಕಾಸಿಗೆ ನೆರವಾಗಿದೆ. ದಂಡೆ ಕಟ್ಟುವುದು ಸುಲಭದ ಪಾಲು. ಮನೆಗಳ ಹೊಲಸು ನೀರನ್ನು ಒಳಚರಂಡಿಗೆ ತಿರುಗಿಸಿ, ಶುದ್ಧೀಕರಿಸದ ಹೊರತು ಸೇತುವೆಯಡಿ ಸಿಕ್ಕಿಕೊಳ್ಳುವ ಪ್ಲಾಸ್ಟಿಕ್ ಚೀಲ ತೆಗೆದರೂ ಕರಿನೀರು ಉಳಿಯುತ್ತದೆ.