ಈಮ್

ಇಂಗ್ಲೆಂಡಿನ ಡರ್ಬಿಶೈರ್‌ನ ಈ ಹಳ್ಳಿಯ ಹೆಸರನ್ನು ಹೊರಗಿನವರು ‘ಎಯಾಮ್’ ಎಂದು ಓದುವುದುಂಟು. ಊರವರ ಬಾಯಲ್ಲಿ ಅದು ‘ಈಮ್’. ಹಳೆಯ ಇಂಗ್ಲಿಷಿನ ‘ಏಗ್’, ಅಂದರೆ ನಡುಗಡ್ಡೆ, ಇದರ ಮೂಲ. ಸಮುದ್ರ ಇಲ್ಲಿಂದ ಬಲು ದೂರ. ಬರಡು ಬೋರೆಗಳ ನಡುವೆ ಉಳುಮೆಗೆ ಒದಗಿದ ತುಂಡು ನೆಲಕ್ಕೋ, ಎರಡು ತೊರೆಗಳ ನಡುವಿನ ಜಾಗಕ್ಕೋ ಹೀಗೆ ಹೆಸರಿಟ್ಟಿರಬೇಕು. 1086ರ ಡೂಮ್ಸ್‌ಡೇ ದಾಖಲೆಯಲ್ಲೇ ಊರಿನ ಹೆಸರಿದೆ.

1665ರಲ್ಲಿ ಲಂಡನ್ನಿನಿಂದ ದರ್ಜಿಯ ಮನೆಗೆ ಬಂದ ಬಟ್ಟೆಗಂಟಿನೊಡನೆ ಪ್ಲೇಗೂ ಬಂತು ಎನ್ನುತ್ತಾರೆ. ಮರುವರ್ಷ ಪಾದ್ರಿ ವಿಲಿಯಂ ಮಾಂಪೆಸನ್ ಮಾತಿಗೆ ಕಟ್ಟುಬಿದ್ದು ಜನ ಎಲ್ಲೆ ದಾಟದೆ ನಿಂತರು. ಎಂಥ ಎದೆಗಾರಿಕೆ! ಗಡಿಕಲ್ಲಿನ ಗುಳಿಗಳಿಗೆ ವಿನೆಗರ್ ತುಂಬಿ ಕಾಸು ಹಾಕಿಡುತ್ತಿದ್ದರು. ನೆರೆಯೂರಿನವರು ದವಸವಿಟ್ಟು ಕಾಸು ಒಯ್ಯುತ್ತಿದ್ದರು. ‘ಪ್ಲೇಗ್ ಹಳ್ಳಿ’ ಎಂಬುದು ಈಗ ಊರಿನ ಎರಡನೆಯ ಹೆಸರು.