ನಾರಾಯಣನ ಗುಡಿಯಲ್ಲಿ ಕರ್ಣನ ದೂರು

ಗದುಗಿನ ವೀರನಾರಾಯಣ ದೇವಾಲಯಕ್ಕೆ ಹೋದವರಿಗೆ ಅಲ್ಲಿಯ ಜನ ಒಂದು ಕಂಬವನ್ನು ತಪ್ಪದೆ ತೋರಿಸುತ್ತಾರೆ. ಕುಮಾರವ್ಯಾಸನು ಮಿಂದು ಬಂದು ಒದ್ದೆ ಬಟ್ಟೆಯಲ್ಲಿಯೇ ಆ ಕಂಬದ ಬಳಿ ಕುಳಿತು ಭಾರತವನ್ನು ಹೇಳುತ್ತಿದ್ದನೆಂದೂ, ಬಟ್ಟೆ ಆರಿದೊಡನೆ ಕಾವ್ಯಧಾರೆ ನಿಂತುಬಿಡುತ್ತಿತ್ತೆಂದೂ ಐತಿಹ್ಯ. ಅದರ ನಿಜಸುಳ್ಳುಗಳನ್ನು ತೂಗುವುದು ಇಲ್ಲಿ ನನ್ನ ಕೆಲಸವಲ್ಲ. ಆದರೆ ಕಾವ್ಯದ ಕವಿ ವೀರನಾರಾಯಣನೇ, ತಾನು ಬರೆದುಕೊಂಡವನು ಮಾತ್ರ ಎಂದು ಕುಮಾರವ್ಯಾಸ ಹೇಳಿಕೊಂಡಿರುವುದು ಐತಿಹ್ಯವಲ್ಲ. ಕಾವ್ಯದಲ್ಲಿಯೇ ಇರುವ ಮಾತು. ಇದನ್ನು ಭಕ್ತನ ವಿನಯವೆಂದು ಓದಿ ನಾವು ಮುಂದೆ ಸಾಗುತ್ತೇವೆ. ಒಂದು ಕ್ಷಣ ನಿಂತು ಅದನ್ನು ಇದ್ದಕ್ಕಿದ್ದಂತೆಯೇ ನಂಬಿದರೆ? ಅಣ್ಣತಮ್ಮಂದಿರು ಹೊಡೆದಾಡಿ ಸತ್ತ ಕಥೆಯನ್ನು, ಅದನ್ನು ತಡೆಯಬಲ್ಲವನಾಗಿದ್ದ ದೇವರೇ ಬರೆದಂತಾಗುತ್ತದೆ.

ದೇವರು ಕರುಣಾಳುವೂ ಸರ್ವಶಕ್ತನೂ ಆಗಿದ್ದರೆ ಲೋಕದಲ್ಲಿ ಕೇಡು ಏಕಿದೆ ಎಂಬ ಪ್ರಶ್ನೆಯನ್ನು ಪಶ್ಚಿಮದ ತತ್ತ್ವಜ್ಞರು ಬಗೆಬಗೆಯಾಗಿ ಕೇಳಿದ್ದಾರೆ. 1755ರಲ್ಲಿ ಲಿಸ್ಬನ್ ನಗರ ಭೂಕಂಪದಿಂದ ನೆಲಸಮವಾದಾಗ ವಾಲ್ಟೇರ್ ಅದನ್ನೇ ಕೇಳಿದ. ಆದರೆ ಆ ಪ್ರಶ್ನೆ ನಮ್ಮ ನೆಲಕ್ಕೆ ಹೊರಗಿನಿಂದ ಬಂದದ್ದೇನೂ ಅಲ್ಲ. ಹಿಂದೆ ‘ಎರಡರುನೂರು’ ಎಂದು ಹೆಸರಾಗಿದ್ದ ಬೆಳ್ವೊಲ ಮುನ್ನೂರು, ಪುಲಿಗೆರೆ ಮುನ್ನೂರು ಎಂಬ ಜೋಡಿ ನಾಡುಗಳಲ್ಲಿ ಅದಕ್ಕೆ ಸಾವಿರ ವರ್ಷ ಮೀರಿದ ಚರಿತ್ರೆಯಿದೆ.

ಪುಲಿಗೆರೆಯೆಂದರೆ ಇಂದಿನ ಲಕ್ಷ್ಮೇಶ್ವರ. ಅಲ್ಲಿಯ ಶಂಖಬಸದಿಗೆ ಬಾದಾಮಿ ಚಾಲುಕ್ಯ ಅರಸರ ಹೆಸರು ಹೇಳುವ ಶಾಸನಗಳಿವೆ. ಈ ಬಸದಿಗಳ ನೆರಳಲ್ಲಿ ಬೆಳೆದ ಜೈನ ಚಿಂತನೆಗೆ ಲೋಕವನ್ನು ಸೃಷ್ಟಿಸಿದ ಒಬ್ಬ ಈಶ್ವರನಿಲ್ಲ. ಆದ್ದರಿಂದ ಅವನನ್ನು ಸಮರ್ಥಿಸಬೇಕಾದ ಕಷ್ಟವೂ ಇಲ್ಲ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದ ಜಿನಸೇನಾಚಾರ್ಯರು ಸಂಸ್ಕೃತ ಮಹಾಪುರಾಣದಲ್ಲಿ ಸೃಷ್ಟಿಕರ್ತನ ವಾದವನ್ನು ಒಂದೊಂದಾಗಿ ಬಿಚ್ಚಿ ನೋಡುತ್ತಾರೆ. ಜೀವಿಗಳ ಮೇಲಿನ ಕರುಣೆಯಿಂದ ಈಶ್ವರನು ಲೋಕವನ್ನು ನಿರ್ಮಿಸಿದ್ದರೆ, ಅದನ್ನು ನೋವಿಲ್ಲದ ಸುಖಮಯ ಲೋಕವನ್ನಾಗಿಯೇ ಏಕೆ ನಿರ್ಮಿಸಲಿಲ್ಲ ಎಂಬುದು ಅವರ ವಾದಗಳಲ್ಲೊಂದು. ಲಿಸ್ಬನ್ನಿನ ಭೂಕಂಪಕ್ಕೆ ಒಂಬೈನೂರು ವರ್ಷ ಹಿಂದಿನ ಮಾತಿದು. ಅವರ ಶಿಷ್ಯ ಗುಣಭದ್ರರು ಪೂರೈಸಿದ ಆ ಗ್ರಂಥಕ್ಕೆ 898ರಲ್ಲಿ ಪೂಜೆ ಸಂದದ್ದು ಲಕ್ಷ್ಮೇಶ್ವರಕ್ಕೆ ದೂರವಲ್ಲದ ಬಂಕಾಪುರದಲ್ಲಿ.

ಜಿನಸೇನರನ್ನು ಅನುಸರಿಸಿ ಕನ್ನಡದಲ್ಲಿ ಆದಿಪುರಾಣವನ್ನು ರಚಿಸಿದವನು ಪಂಪ. ತನ್ನ ಭಾರತಕ್ಕೆ ಅವನು ಆರಿಸಿಕೊಂಡ ನುಡಿ ಪುಲಿಗೆರೆಯ ತಿರುಳ್ಗನ್ನಡ. ಅವನ ತಾಯಿ ಅಬ್ಬಣಬ್ಬೆ ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಪಂಪನ ಭಾರತದಲ್ಲಿ ಕೃಷ್ಣನು ಚತುರ ಮಂತ್ರಿಯೇ ಹೊರತು ಜಗತ್ತಿನ ಸೂತ್ರಧಾರನಲ್ಲ. ಆದ್ದರಿಂದ ಕರ್ಣನ ದುರಂತಕ್ಕೆ ಅಲ್ಲಿ ಯಾವ ದೇವರೂ ಜವಾಬು ಕೊಡಬೇಕಾಗಿಲ್ಲ. ವಿಧಿಯಿದೆ, ಮನುಷ್ಯನ ನನ್ನಿಯಿದೆ. ಭಾರತದಲ್ಲಿ ನೆನೆಯತಕ್ಕವನು ಯಾರಾದರೂ ಇದ್ದರೆ ಅವನು ಕರ್ಣ ಎಂದು ಕವಿ ಹೇಳುತ್ತಾನೆ, ಅಷ್ಟೆ. ತರ್ಕದ ದೃಷ್ಟಿಯಿಂದ ಇದು ಅಚ್ಚುಕಟ್ಟು. ಕರ್ಮಸಿದ್ಧಾಂತದ ಬಲವೆಲ್ಲ ಈ ಅಚ್ಚುಕಟ್ಟಿನಲ್ಲಿಯೇ ಇದೆ. ಅದರ ಬಡತನವೂ ಅಲ್ಲಿಯೇ ಇದೆ ಎಂದು ನನಗೆ ತೋರುತ್ತದೆ. ತನ್ನ ನೋವಿನ ಬಗ್ಗೆ ಒಬ್ಬನು ಆ ಮಾತನ್ನು ಆಡಿಕೊಂಡರೆ ಅದು ಧೈರ್ಯ. ಇನ್ನೊಬ್ಬನ ನೋವನ್ನು ಕುರಿತು ಆಡಿದರೆ?

ಅದೇ ಅಣ್ಣಿಗೇರಿಯಲ್ಲಿ 2010ರಲ್ಲಿ ಅಗೆತದ ಕೆಲಸ ನಡೆದಾಗ ಒಂದೆಡೆ ಸಾಲಾಗಿ ಮನುಷ್ಯರ ತಲೆಬುರುಡೆಗಳು ಸಿಕ್ಕವು, ಸುಮಾರು 600. ಯುದ್ಧದಲ್ಲಿ ಮಡಿದವರು ಎಂದು ಮೊದಲು ಊಹಿಸಿದವರುಂಟು. ಬಳಿಕ, ಹದಿನೆಂಟನೆಯ ಶತಮಾನದ ಕೊನೆಯ ದಶಕದ ‘ಡೋಗಿ ಬರ’ದಲ್ಲಿ ಸತ್ತವರೆಂಬ ಅಭಿಪ್ರಾಯ ಮುಂದೆ ಬಂತು. ಹೂಳುವವರಿಲ್ಲದೆ ನೆಲವೆಲ್ಲ ಬುರುಡೆಯಾಗಿತ್ತೆಂದು ಆ ಬರಕ್ಕೆ ಆ ಹೆಸರು. ಬರವನ್ನು ದೈವದ ಮುನಿಸೆನ್ನುವುದು ವಾಡಿಕೆ. ಆದರೆ ಅದೇ ಸುಮಾರಿಗೆ, 1790ರಿಂದ 1792ರವರೆಗೆ, ಟಿಪ್ಪುವಿನ ಮೇಲಿನ ಯುದ್ಧದ ಸೈನ್ಯಗಳು ಈ ಸೀಮೆಯನ್ನು ತುಳಿದು ಹೋಗಿದ್ದವು. 1876ರಿಂದ 1878ರ ಮಹಾಕ್ಷಾಮದಲ್ಲಿ, ಮಳೆಯನ್ನೇ ನಂಬಿದ ಈ ಎರೆಹೊಲಗಳ ನಾಡು, ಕಪ್ಪತಗುಡ್ಡದ ಆಸುಪಾಸಿನ ಮುಂಡರಗಿ ಶಿರಹಟ್ಟಿಗಳ ಸೀಮೆಯೂ ಸೇರಿ, ಮತ್ತೆ ಬೆಂದಿತು. ದೇಶದ ಬಂದರುಗಳಿಂದ ಮಾತ್ರ ಧಾನ್ಯದ ರಫ್ತು ನಿಲ್ಲಲಿಲ್ಲ. ಮೋಡ ಬಾರದ್ದು ಯಾರ ತಪ್ಪೋ, ಧಾನ್ಯ ಹೋದದ್ದು ಯಾರ ತಪ್ಪೆಂಬುದಂತೂ ತಿಳಿದಿದೆ. ದೇವರ ಲೆಕ್ಕಕ್ಕೆ ಬರೆಯುವ ಮುನ್ನ ನಮ್ಮ ಲೆಕ್ಕವನ್ನು ಬೇರೆ ತೆಗೆಯಬೇಕು. ತೆಗೆದ ಮೇಲೂ ಉಳಿಯುವುದುಂಟು.

ಆ ಉಳಿದದ್ದನ್ನು ಕೈಗೆತ್ತಿಕೊಂಡವನು ಕುಮಾರವ್ಯಾಸ. ಹದಿನೈದನೆಯ ಶತಮಾನದವನೆಂದು ವಿದ್ವಾಂಸರಲ್ಲಿ ಹಲವರು ಒಪ್ಪುವ ಈ ಕವಿಗೆ ಪಂಪನ ಅನುಕೂಲ ಇರಲಿಲ್ಲ. ಅವನು ಹೇಳಹೊರಟದ್ದು ಕೃಷ್ಣಕಥೆ. ಅವನ ಕೃಷ್ಣ ಸಾಕ್ಷಾತ್ ಪರಬ್ರಹ್ಮ. ಹಾಗಿದ್ದ ಮೇಲೆ ಕರ್ಣನ ಗತಿಗೆ ಕಾರಣ ಕೇಳಬೇಕಾದದ್ದು ಯಾರನ್ನು? ಉದ್ಯೋಗಪರ್ವದ ಆ ಸನ್ನಿವೇಶವನ್ನು ನೆನಪಿಸಿಕೊಳ್ಳಿ. ಸಂಧಿ ಮುರಿದು ಹಸ್ತಿನಾವತಿಯಿಂದ ಹೊರಟ ಕೃಷ್ಣ ಕರ್ಣನನ್ನು ಆದರದಿಂದ ತನ್ನ ರಥಕ್ಕೆ ಹತ್ತಿಸಿಕೊಳ್ಳುತ್ತಾನೆ, ಪಕ್ಕದಲ್ಲಿ ಕೂರಿಸುತ್ತಾನೆ, ಜನ್ಮರಹಸ್ಯವನ್ನು ಬಿಚ್ಚುತ್ತಾನೆ. ಜೀವಮಾನವಿಡೀ ಸೂತಪುತ್ರನೆನಿಸಿಕೊಂಡು ನೊಂದವನಿಗೆ ಅವನು ಕಾದಿದ್ದ ಸುದ್ದಿ ಅದು. ಬಂದದ್ದು ಮಾತ್ರ ಯಾವಾಗ? ಅದರಿಂದ ಯಾವ ಉಪಯೋಗವೂ ಇಲ್ಲದಾದಾಗ. ಕರ್ಣನ ಕೊರಳು ಬಿಗಿಯುತ್ತದೆ, ಕಣ್ಣೀರು ಉಕ್ಕುತ್ತದೆ. ತನ್ನ ಒಡೆಯನಿಗೆ ಕೇಡಾಯಿತೆಂಬುದು ಅವನ ಮೊದಲ ಸಂಕಟ. ಮರುಗಳಿಗೆಯೇ ಅವನಿಗೆ ಸತ್ಯ ಹೊಳೆಯುತ್ತದೆ: ಕೃಷ್ಣ ಹೇಳಿದ್ದು ತನ್ನ ಮೇಲಿನ ಪ್ರೀತಿಯಿಂದಲ್ಲ, ಹುಟ್ಟಿನ ಗುಟ್ಟನ್ನೇ ಆಯುಧ ಮಾಡಿ ಯುದ್ಧಕ್ಕೆ ಮೊದಲೇ ತನ್ನನ್ನು ಮುಗಿಸಿದ್ದಾನೆ. ಮುಂದೆ ಕೃಷ್ಣ ರಾಜ್ಯದ ಆಸೆ ತೋರಿಸಿದರೂ ಕರ್ಣ ಸಾಕಿದವನನ್ನು ಬಿಡಲೊಲ್ಲ. ಆದರೆ ಪಾಂಡವರೈವರನ್ನು ನೋಯಿಸುವುದಿಲ್ಲವೆಂಬ ಮಾತು ಅವನ ಬಾಯಿಂದ ಬರುತ್ತದೆ. ದೇವರ ಕೆಲಸ ಕೈಗೂಡಿತು.

ಇಲ್ಲಿ ಕವಿ ಮಾಡದೆ ಬಿಟ್ಟದ್ದೇನು ಎಂಬುದನ್ನು ಗಮನಿಸಬೇಕು. ಕರ್ಣನ ದೂರಿಗೆ ಅವನು ಸಮಾಧಾನ ಬರೆದಿಲ್ಲ. ಕರ್ಣನು ಅಜ್ಞಾನಿ, ಭಗವಂತನ ಇಚ್ಛೆ ಅವನಿಗೆ ತಿಳಿಯಲಿಲ್ಲ ಎಂದು ಒಂದು ಪದ್ಯ ಸೇರಿಸುವುದು ಅಂಥ ಮಹಾಕವಿಗೆ ಕಷ್ಟವಾಗಿತ್ತೆ? ಕೃಷ್ಣನ ಹೆಸರೆತ್ತಿದರೆ ಮೈಮರೆಯುವ ಭಕ್ತ ಅವನು. ಆದರೂ ಕೃಷ್ಣನ ಮೇಲಿನ ಆರೋಪವನ್ನು ಕೃಷ್ಣಕಥೆಯ ನಡುಮಧ್ಯದಲ್ಲಿ, ನಾರಾಯಣನ ಗುಡಿಯಲ್ಲಿ, ನಾರಾಯಣನೇ ಕವಿಯೆಂಬ ಅಂಕಿತದಡಿ ಹಾಗೆಯೇ ಉಳಿಸಿದ್ದಾನೆ. ಕವಿಯ ಮಾತನ್ನು ನಂಬುವುದಾದರೆ, ತನ್ನ ಮೇಲಿನ ದೂರನ್ನು ದೇವರು ತಾನೇ ಬರೆಸಿದ! ನನಗೆ ತಿಳಿದ ಮಟ್ಟಿಗೆ ಭಕ್ತಿ ಇದಕ್ಕಿಂತ ಪ್ರಾಮಾಣಿಕವಾಗಿ ಈ ಪ್ರಶ್ನೆಯನ್ನು ಎದುರಿಸಿಲ್ಲ. ಗಮಕಿಗಳು ಕರ್ಣಭೇದನವನ್ನು ವಾಚಿಸುವಾಗ ಕಣ್ಣೊರೆಸಿಕೊಳ್ಳುವ ಮುದುಕರು ಸಭೆ ಮುಗಿದ ಮೇಲೆ ಅದೇ ಕೃಷ್ಣನಿಗೆ ಮಂಗಳಾರತಿ ಎತ್ತುತ್ತಾರೆ. ಇದರಲ್ಲಿ ವಿರೋಧವಿದೆ ಎನ್ನುವವನು ಪಂಡಿತನಿರಬಹುದು, ಆ ಮುದುಕರನ್ನು ಬಲ್ಲವನಲ್ಲ.

ನಂಬಿಕೆಯಿಂದಲೇ ಹುಟ್ಟುವ ಕೇಡೂ ಒಂದಿದೆಯಷ್ಟೆ. ಸೌರಾಷ್ಟ್ರದಿಂದ ಬಂದ ಆದಯ್ಯನು ಪುಲಿಗೆರೆಯ ಸುರಹೊನ್ನೆ ಬಸದಿಯಲ್ಲಿ ಸೋಮನಾಥನನ್ನು ನೆಲೆಗೊಳಿಸಿದ ಕಥೆಯನ್ನು ಹರಿಹರನೂ ರಾಘವಾಂಕನೂ ಹಾಡಿದ್ದಾರೆ. ಅದು ಭಕ್ತನ ವಿಜಯದ ಕಥೆ. ಸೋತವರ ಕಡೆಯಿಂದ ನೋಡಿದರೆ ಬೇರೆ ಕಥೆ. ಇಂದು ಲಕ್ಷ್ಮೇಶ್ವರದಲ್ಲಿ ಸೋಮೇಶ್ವರನ ಗುಡಿಯೂ ಶಂಖಬಸದಿಯೂ ಒಂದೇ ಊರಿನ ಬಿಸಿಲಿನಲ್ಲಿ ನಿಂತಿವೆ. ಅಲ್ಲಿಗೆ ಸಮೀಪದ ಶಿರಹಟ್ಟಿಯಲ್ಲಿ ಫಕೀರನೂ ಈಶ್ವರನೂ ಒಂದೇ ಹೆಸರಿನಲ್ಲಿ ಕೂಡಿದ ಫಕೀರೇಶ್ವರ ಮಠವಿದೆ. ಅದಕ್ಕೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ.

ಯೋಹಾನನ ಸುವಾರ್ತೆಯಲ್ಲಿ ಹುಟ್ಟುಕುರುಡನೊಬ್ಬನನ್ನು ಕಂಡು ಶಿಷ್ಯರು ಯೇಸುವನ್ನು ಕೇಳುವ ಪ್ರಸಂಗವಿದೆ: ಪಾಪ ಮಾಡಿದವನು ಇವನೋ, ಇವನ ತಂದೆತಾಯಿಗಳೋ? ಇಬ್ಬರೂ ಅಲ್ಲ ಎಂದು ಯೇಸು ಉತ್ತರಿಸುತ್ತಾನೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ವಿಷಯ ಓದುವಾಗಲೆಲ್ಲ ನನಗೆ ಆ ಪ್ರಶ್ನೆ ನೆನಪಾಗುತ್ತದೆ. 1892ರಲ್ಲಿ ಜನಿಸಿದ ಪಂಚಾಕ್ಷರ ಗವಾಯಿಗಳು ಹುಟ್ಟಿನಿಂದಲೇ ಅಂಧರು. 1944ರಲ್ಲಿ ಅವರು ತೀರಿಕೊಂಡ ಮೇಲೆ ಆಶ್ರಮವನ್ನು ನಡೆಸಿದ ಪುಟ್ಟರಾಜ ಗವಾಯಿಗಳು ಎಳವೆಯಲ್ಲೇ ಕಣ್ಣು ಕಳೆದುಕೊಂಡವರು. ಅವರು 2010ರಲ್ಲಿ, ಅಣ್ಣಿಗೇರಿಯ ಬುರುಡೆಗಳು ಬೆಳಕಿಗೆ ಬಂದ ವರ್ಷವೇ, ನಿಧನರಾದರು. ಬೆಳಕು ಕಾಣದ ಮಗುವನ್ನು ಊರೂರುಗಳಿಂದ ತಂದೆತಾಯಿಗಳು ಆ ಬಾಗಿಲಿಗೆ ಕರೆತಂದರು. ಯಾರ ಕರ್ಮ, ಯಾರ ಪಾಪ ಎಂಬ ವಿಚಾರಣೆ ಅಲ್ಲಿ ನಡೆಯಲಿಲ್ಲ. ಮಗುವಿಗೆ ಊಟ ಹಾಕಿದರು. ಆಮೇಲೆ ಶ್ರುತಿಗೆ ಕೂರಿಸಿ ಷಡ್ಜ ಹಿಡಿಸಿದರು.