ಕಾರ್ಕಳದಲ್ಲಿ ಒಂದು ದಿನ: ಬೆಟ್ಟದ ಮೇಲೆ, ತಟ್ಟೆಯ ಮೇಲೆ

ವಿದ್ಯಾರ್ಥಿ ಮಿತ್ರರೇ, ರಜೆಯ ಒಂದು ದಿನ ಕಾರ್ಕಳಕ್ಕೆ ಹೋಗಿಬನ್ನಿ. ಉಡುಪಿಯಿಂದ ಬಸ್ಸಿನಲ್ಲಿ ಸುಮಾರು 38 ಕಿಲೋಮೀಟರ್. ಬುತ್ತಿ ಬೇಡ, ಒಂದು ಟಿಪ್ಪಣಿ ಪುಸ್ತಕವಿದ್ದರೆ ಸಾಕು. ಈ ಊರಿನ ಇತಿಹಾಸ ಬೆಟ್ಟದ ಮೇಲೂ ಇದೆ, ಹೋಟೆಲಿನ ತಟ್ಟೆಯಲ್ಲೂ ಇದೆ.

ಬಿಸಿಲೇರುವ ಮೊದಲೇ ಬೆಟ್ಟ ಹತ್ತಿ. ಅಲ್ಲಿಯ ಗೊಮ್ಮಟನ ಎತ್ತರ ಸುಮಾರು 42 ಅಡಿ. ಭೈರರಸ ಮನೆತನದ ವೀರಪಾಂಡ್ಯನು ಗುರು ಲಲಿತಕೀರ್ತಿಯ ಉಪದೇಶದಂತೆ 1432ರ ಫೆಬ್ರವರಿ 13ರಂದು ಇದನ್ನು ಪ್ರತಿಷ್ಠಾಪಿಸಿದನೆಂದು ಶಾಸನದಿಂದ ತಿಳಿಯುತ್ತದೆ. ಶ್ರವಣಬೆಳಗೊಳದ ಗೊಮ್ಮಟನನ್ನು ಬೆಟ್ಟದ ತುದಿಯ ಬಂಡೆಯಲ್ಲೇ ಕಡೆದರು. ಕಾರ್ಕಳದ ಮೂರ್ತಿಯನ್ನಾದರೋ ಬೇರೆಡೆ ಕಡೆದು, ಬಂಡಿಯ ಮೇಲೆ ಎಳೆದು ತಂದರೆಂದು 17ನೆಯ ಶತಮಾನದ ಚಂದ್ರಮ ಕವಿ ‘ಕಾರ್ಕಳ ಗೊಮ್ಮಟೇಶ್ವರ ಚರಿತೆ’ಯಲ್ಲಿ ವರ್ಣಿಸಿದ್ದಾನೆ. ಇಲ್ಲಿ ಸ್ವಲ್ಪ ಯೋಚಿಸಿ. ಶಾಸನ ಆ ಕಾಲದ್ದೇ. ಕಾವ್ಯ ಇನ್ನೂರು ವರ್ಷಗಳ ನಂತರದ್ದು. ಎರಡನ್ನೂ ಓದಬೇಕು, ಎರಡಕ್ಕೂ ಒಂದೇ ತೂಕ ಕೊಡಲಾಗದು.

ಹತ್ತಿರದ ಗುಡ್ಡದ ಮೇಲಿರುವುದು ಚತುರ್ಮುಖ ಬಸದಿ. ಇಮ್ಮಡಿ ಭೈರರಸನು 1586ರಲ್ಲಿ ಕಟ್ಟಿಸಿದ್ದು. 108 ಕಂಬಗಳು, ನಾಲ್ಕು ದಿಕ್ಕಿಗೂ ಒಂದೇ ಬಗೆಯ ಬಾಗಿಲು. ಯಾವ ಕಡೆಯಿಂದ ಬಂದರೂ ಎದುರಿಗೆ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರ ಮೂರ್ತಿಗಳು. ಇಲ್ಲಿ ಹಿಂಬಾಗಿಲೆಂಬುದೇ ಇಲ್ಲ!

ಇಷ್ಟು ಹೊತ್ತಿಗೆ ಹಸಿವಾಗಿರುತ್ತದೆ. ಪೇಟೆಗಿಳಿದು ನೀರುದೋಸೆ, ಗೋಳಿಬಜೆ, ಬನ್ಸ್ ಕೇಳಿ. ಈಗ ತಟ್ಟೆಯನ್ನು ಶಾಸನದಂತೆ ಓದಿ. ಅಕ್ಕಿಯ ನೀರುದೋಸೆ ಈ ಮಣ್ಣಿನ ಬೆಳೆಯಿಂದಾದದ್ದು. ಗೋಳಿಬಜೆ, ಬನ್ಸ್‌ಗಳ ಮೈದಾ ಗೋಧಿಯದು. ಗೋಧಿ ಕರಾವಳಿಯ ಬೆಳೆಯಲ್ಲ, ಘಟ್ಟ ಹತ್ತಿಳಿದು ಬಂದದ್ದು. ಗೋಳಿಬಜೆಯ ಹಸಿಮೆಣಸಿನಕಾಯಿಯ ತವರು ಅಮೆರಿಕ ಖಂಡ. ವಾಸ್ಕೋ ಡ ಗಾಮ ಕೇರಳ ತೀರಕ್ಕೆ ಬಂದದ್ದು 1498ರಲ್ಲಿ. ಮೆಣಸಿನಕಾಯಿ ಪೋರ್ಚುಗೀಸರೊಂದಿಗೆ ಭಾರತಕ್ಕೆ ಬಂದದ್ದು ಅದಾದ ಮೇಲೆ. ಅಂದರೆ ಗೊಮ್ಮಟನನ್ನು ಕಡೆದ ಶಿಲ್ಪಿಗಳು ಮೆಣಸಿನಕಾಯಿಯ ರುಚಿ ಕಂಡವರಲ್ಲ. ಅವರಿಗೆ ಖಾರವೆಂದರೆ ಘಟ್ಟದ ಕಾಳುಮೆಣಸು, ಶುಂಠಿ. ನಾವು ‘ನಮ್ಮೂರ ತಿಂಡಿ’ ಎಂದು ಹೆಮ್ಮೆಪಡುವ ಗೋಳಿಬಜೆ ಗೊಮ್ಮಟನಿಗಿಂತ ಕಿರಿಯದು!

ಗೊಮ್ಮಟನಿಗೂ ಬಸದಿಗೂ ಪುರಾತತ್ತ್ವ ಇಲಾಖೆಯ ರಕ್ಷಣೆಯಿದೆ. ಮನೆಯ ಹಿರಿಯರ ಕೈಯಡುಗೆಗೆ ಅಂತಹ ಕಾವಲಿಲ್ಲ. ಬಲ್ಲವರು ಹೋದರೆ ಅದೂ ಹೋಯಿತು. ಆದ್ದರಿಂದ ಊರಿಗೆ ಮರಳಿದ ಮೇಲೆ ನಿಮ್ಮ ಅಜ್ಜಿಯನ್ನು ಕೇಳಿ: ಅವರ ಬಾಲ್ಯದಲ್ಲಿ ಯಾವ ತಿಂಡಿಯಿತ್ತು, ಯಾವುದು ಆಮೇಲೆ ಬಂತು? ಉತ್ತರವನ್ನು ಅದೇ ಟಿಪ್ಪಣಿ ಪುಸ್ತಕದಲ್ಲಿ ಬರೆದಿಡಿ.